ದಮ್ಮು ಅಂದ ಮಾತ್ರಕ್ಕೆ ಶ್ವಾಸಕೋಶದ ಕಾಯಿಲೆಯಲ್ಲ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನಮ್ಮ ಮನೆಗಳಲ್ಲಿ 'ದಮ್ಮು' ಎಂಬ ಒಂದೇ ಮಾತಿಗೆ ಹತ್ತು ಅರ್ಥ. ನೀರಿನ ಬಿಂದಿಗೆ ಎತ್ತಿದಾಗ ಏದುಸಿರು ಬಂದರೂ ದಮ್ಮು, ರಾಗಿ ಒಕ್ಕಣೆಯ ಧೂಳಿಗೆ ಎದೆ ಗೊರಗುಟ್ಟಿದರೂ ದಮ್ಮು, ನಡುರಾತ್ರಿ ಕೆಮ್ಮುತ್ತಾ ಎದ್ದು ಕೂತರೂ ದಮ್ಮು. ಮದ್ದೂ ಹೆಚ್ಚುಕಡಿಮೆ ಒಂದೇ: ಕೆಮ್ಮಿನ ಸಿರಪ್ಪು, ಜೇನು, ಕಲೋಂಜಿ, ಎದೆಗೆ ಬಿಸಿ ಎಣ್ಣೆ. 'ದಮ್ಮಿಗೆ ಏನಾದರೂ ಕೊಡಿ ಹಕೀಮ್ ಸಾಹೇಬ್' ಎಂದವರಿಗೆ ನಾಡಿ ಕೂಡ ನೋಡದೆ ಶರಬತ್ತಿನ ಬಾಟಲಿ ಕೊಟ್ಟು ಕಳಿಸುವ ರೂಢಿ ನಮ್ಮ ಯುನಾನಿ ಅಂಗಡಿಗಳಲ್ಲೂ ಇದೆ. ಅದು ನಿಲ್ಲಬೇಕು. ಉಸಿರಾಟ ಶ್ವಾಸಕೋಶ ಒಂದರದೇ ಕೆಲಸವಲ್ಲ. ಅದರಲ್ಲಿ ಹೃದಯಕ್ಕೂ ರಕ್ತಕ್ಕೂ ಸಮಪಾಲಿದೆ.

ಸುಮ್ಮನೆ ಕೂತಿರುವಾಗ ನೀವು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೀರಿ. ಒಂದೊಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ. ಅದೇ ನಿಮಿಷದಲ್ಲಿ ಹೃದಯ 70ರ ಆಸುಪಾಸು ಬಡಿದು ಸುಮಾರು 5 ಲೀಟರ್ ರಕ್ತ ನೂಕುತ್ತದೆ. ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಹೃದಯದ ಬಲಭಾಗ ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳು, ಅವುಗಳ ಮೈಗೆ ಅಂಟಿಕೊಂಡಂತೆ ಕೂದಲಿಗಿಂತ ಸಣ್ಣ ರಕ್ತನಾಳಗಳು. ರಕ್ತ ಅಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಆಮ್ಲಜನಕ ಹೊತ್ತು ಹೃದಯದ ಎಡಭಾಗಕ್ಕೆ ಬರುತ್ತದೆ. ಎಡಭಾಗ ಅದನ್ನು ಮತ್ತೆ ಮೈಗೆಲ್ಲ ಹಂಚುತ್ತದೆ.

ಈ ದಾರಿಯನ್ನು ಮೊದಲು ಬರೆದಿಟ್ಟವರು ನಮ್ಮ ವೈದ್ಯಪರಂಪರೆಯವರೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕವೇ ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದು ಗ್ರೀಕ್ ವೈದ್ಯ ಗೇಲನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ಒಪ್ಪಿಕೊಂಡಿದ್ದರು. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್, 1242ರಲ್ಲಿ ಇಬ್ನು ಸೀನಾರ 'ಅಲ್ ಕಾನೂನ್' ಗ್ರಂಥದ ಶರೀರರಚನೆಯ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತಾ, ಆ ಗೋಡೆ ಗಟ್ಟಿಯಾಗಿದೆ, ರಂಧ್ರವಿಲ್ಲ, ರಕ್ತ ಶ್ವಾಸಕೋಶದ ಮೂಲಕ ಹಾದು ಗಾಳಿಯೊಂದಿಗೆ ಬೆರೆತೇ ಎಡಕ್ಕೆ ಬರಬೇಕು ಎಂದು ಖಚಿತವಾಗಿ ಹೇಳಿದರು. ಇಂಗ್ಲೆಂಡಿನ ವಿಲಿಯಂ ಹಾರ್ವೆಯ ಪುಸ್ತಕ ಬಂದದ್ದು 1628ರಲ್ಲಿ. ಇಬ್ನುನ್ನಫೀಸರ ಹಸ್ತಪ್ರತಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಒಬ್ಬ ಈಜಿಪ್ಟಿನ ವೈದ್ಯರ ಕಣ್ಣಿಗೆ ಬಿದ್ದದ್ದು 1924ರಲ್ಲಿ. ಭಾಷಣಗಳಲ್ಲಿ ಈ ಹೆಸರು ಹೇಳಿ ಹೆಮ್ಮೆಪಡುವ ನಾವು, ಮನೆಯಲ್ಲಿ ಅಮ್ಮಿಗೆ ಏದುಸಿರು ಬಂದರೆ ಹೃದಯದ ಕಡೆ ನೋಡುವುದೇ ಇಲ್ಲ.

ಮೊದಲು ರಕ್ತದ ವಿಷಯ. ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್. ಹೆಂಗಸರಿಗೆ ಅದು 12 ಗ್ರಾಂಗಿಂತ, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅದು 6ಕ್ಕೆ ಇಳಿದವರಿಗೆ ಶ್ವಾಸಕೋಶ ಎಷ್ಟೇ ಚೆನ್ನಾಗಿದ್ದರೂ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ. ಸರಕು ತುಂಬಿದೆ, ಸಾಗಿಸಲು ಲಾರಿ ಇಲ್ಲ. ಇರುವ ನಾಲ್ಕು ಲಾರಿಗಳನ್ನೇ ಹೃದಯ ಓಡಿಸಿ ಓಡಿಸಿ ಸುಸ್ತಾಗುತ್ತದೆ. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇಲ್ಲಿ ನಿಮ್ಮನ್ನು ದಾರಿ ತಪ್ಪಿಸಬಹುದು. ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ತುಂಬಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಹೇಳುವುದಿಲ್ಲ. ಆದ್ದರಿಂದ 98 ತೋರಿಸಿದರೂ ಆಕೆ ತೀವ್ರ ರಕ್ತಹೀನಳಾಗಿರಬಹುದು. ಖರ್ಜೂರ ಒಳ್ಳೆಯದೇ, ಆದರೆ ಖರ್ಜೂರದಿಂದಲೇ 6 ಹನ್ನೆರಡಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಕಬ್ಬಿಣದ ಮಾತ್ರೆ ನುಂಗಿ, ಊಟದ ಜೊತೆಗೇ ಚಹಾ ಕುಡಿಯಬೇಡಿ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಇನ್ನು ಹಿರಿಯರು. ದಾದಾಜಿ ಎರಡು ದಿಂಬು ಬಿಟ್ಟು ಮೂರು ದಿಂಬು ಕೇಳತೊಡಗಿದರೆ, ಮಲಗಿ ಒಂದೆರಡು ಗಂಟೆಗೆ ಉಸಿರು ಕಟ್ಟಿ ಎದ್ದು ಕಿಟಕಿಯ ಬಳಿ ಹೋಗಿ ನಿಂತರೆ, ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯಾದರೆ, ಅದು ಕಫವೆಂದು ತೀರ್ಮಾನಿಸಬೇಡಿ. ಹೃದಯದ ಎಡಭಾಗ ಸೋತಾಗ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ಕೆಮ್ಮಿನ ಸಿರಪ್ಪು ಆ ನೀರನ್ನು ತೆಗೆಯುವುದಿಲ್ಲ. ಇಸಿಜಿ, ಎಕೋ ಆಗಬೇಕು. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಬೇಕು.

ಹೊಗೆಯದು ಇನ್ನೊಂದು ಕಥೆ. ಬೀಡಿ, ಸೌದೆ ಒಲೆ, ಅಡಿಕೆ ಬೇಯಿಸುವ ಹಂಡೆಯ ಮುಂದೆ ವರ್ಷಗಟ್ಟಲೆ ಕೂತು ಕುಡಿದ ಹೊಗೆ ಗಾಳಿಗೂಡುಗಳನ್ನು ಹಾಳುಮಾಡುತ್ತದೆ. ಗಾಳಿ ಸಿಗದ ಭಾಗದಲ್ಲಿ ಶ್ವಾಸಕೋಶದ ರಕ್ತನಾಳಗಳು ತಾವೇ ಬಿಗಿದುಕೊಳ್ಳುತ್ತವೆ. ಆ ಬಿಗಿತದ ವಿರುದ್ಧ ರಕ್ತ ನೂಕಿ ನೂಕಿ ಹೃದಯದ ಬಲಭಾಗ ದಣಿಯುತ್ತದೆ, ಕಾಲು ಊದುತ್ತದೆ. ಹೃದಯ ಸೋತರೆ ಶ್ವಾಸಕೋಶ ಕೆಡುತ್ತದೆ, ಶ್ವಾಸಕೋಶ ಕೆಟ್ಟರೆ ಹೃದಯ ಸೋಲುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಬಾಣಂತಿ ಕೋಣೆಯ ಬಗ್ಗೆ. ಚಿಲ್ಲಾದ ನಲವತ್ತು ದಿನ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟು, ಲೋಬಾನದ ಹೊಗೆ ಹಾಕುವುದು ಇನ್ನೂ ಇದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟಿಕೊಂಡು ಜಾಗ ಬಿಡುವುದಿಲ್ಲ. ಮೊದಲೇ ರಕ್ತ ಕಳೆದುಕೊಂಡ ತಾಯಿಗೂ ಪಕ್ಕದ ಹಸುಗೂಸಿಗೂ ಇದು ಪ್ರಾಣಾಪಾಯ. ಆಕ್ಸಿಮೀಟರ್ ಇದನ್ನೂ ಕಂಡುಹಿಡಿಯುವುದಿಲ್ಲ. ಮಗುವಿಗೆ ಬೆಚ್ಚಗಿರಬೇಕೆಂದರೆ ಟೋಪಿ, ಕಾಲುಚೀಲ ಹಾಕಿ ತಾಯಿಯ ಎದೆಗೆ ಒರಗಿಸಿ ಹೊದಿಸಿ. ಕೆಂಡ ಹೊರಗಿರಲಿ, ಕಿಟಕಿ ತೆರೆದಿರಲಿ. ಹಿರಿಯರು ಬೇಜಾರಾದರೆ ನನ್ನ ಹೆಸರು ಹೇಳಿ.

ಬಾಣಂತಿಯನ್ನು ನಲವತ್ತು ದಿನ ಅಲುಗಾಡದಂತೆ ಮಲಗಿಸುವುದೂ ಸರಿಯಲ್ಲ. ಹೆರಿಗೆಯ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆ ಗಡ್ಡೆ ಹೃದಯದ ಬಲಭಾಗ ದಾಟಿ ಶ್ವಾಸಕೋಶದ ನಾಳವನ್ನು ಮುಚ್ಚಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದು, ಇದ್ದಕ್ಕಿದ್ದಂತೆ ಉಸಿರು ಸಾಲದಾದರೆ ಕಾಲು ತಿಕ್ಕುತ್ತಾ ಕೂರಬೇಡಿ, ನನ್ನಂಥ ಹಕೀಮನ ಬಳಿಗೂ ಬರಬೇಡಿ. 108ಕ್ಕೆ ಫೋನ್ ಮಾಡಿ, ಹೆರಿಗೆಯಾಗಿ ಎಷ್ಟು ದಿನವಾಯಿತೆಂದು ಮೊದಲ ಮಾತಿನಲ್ಲೇ ತಿಳಿಸಿ.