ಪೊರಕೆಗೂ ಒಂದು ಸರ್ಟಿಫಿಕೇಟು



ಹೋದ ವಾರ ನಮ್ಮ ಕೇರಿ ಹುಡುಗ ಒಬ್ಬ ಮನೆಗೆ ಬಂದ. ‘ಮಾವ, ಫ್ರೀ ಟ್ರೈನಿಂಗ್ ಅಂತೆ, ಫಾರ್ಮ್ ತುಂಬ್ಕೊಡು’ ಅಂದ. ಎಸ್ಸೆಸ್ಸೆಲ್ಸಿ ಪಾಸಾದವನು, ಗಣಿತದಲ್ಲಿ 71. ತರಬೇತಿ ಸಂಸ್ಥೆಯವರು ಅವನಿಗೆ ಮೊದಲೇ ಟಿಕ್ ಹಾಕಿ ಕಳಿಸಿದ್ದ ಕೋರ್ಸು: ಹೌಸ್‌ಕೀಪಿಂಗ್. ಅವನ ಜೊತೆ ಹೋಗಿದ್ದ ನಮ್ಮ ನಾಲ್ಕು ಮಕ್ಕಳಿಗೂ ಅದೇ, ಇಲ್ಲಾ ಸೆಕ್ಯುರಿಟಿ ಗಾರ್ಡ್. ಮೇಲ್ಬೀದಿ ಹುಡುಗರಿಗೆ ಕಂಪ್ಯೂಟರ್.

ಇವನ ಅಜ್ಜಿ ಬೀದಿ ಗುಡಿಸಿದವಳು. ತಾಯಿ ಗುತ್ತಿಗೆ ಮೇಲೆ ಆಸ್ಪತ್ರೆ ನೆಲ ಒರೆಸ್ತಾಳೆ. ಮೂರನೇ ತಲೆಮಾರಿಗೂ ಅದೇ ಪೊರಕೆ, ಮೇಲೊಂದು ಸರ್ಟಿಫಿಕೇಟು. ಇದಕ್ಕೆ ಕೌಶಲ್ಯಾಭಿವೃದ್ಧಿ ಅಂತ ಹೆಸರು.

ಗುಡಿಸೋ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ. ನಮ್ಮನ್ನೆಲ್ಲ ಸಾಕಿದ್ದೇ ಆ ಕೈಗಳು. ಆದರೆ ಆ ಕೆಲಸವನ್ನ ಇವನಿಗೆ ಆರಿಸಿದ್ದು ಯಾರು?

ವ್ಯತ್ಯಾಸ ನೋಡಿ. ಎರಡು ವರ್ಷ ಐಟಿಐಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತವನು ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಅರ್ಜಿ ಹಾಕಬಹುದು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಾರ್ಖಾನೇಲಿ ಸ್ಟೈಪೆಂಡ್ ತಗೊಂಡು ಕಲಿಯಬಹುದು. ಹೌಸ್‌ಕೀಪಿಂಗಿನ ಮೂರು ತಿಂಗಳ ಕಾಗದದಿಂದ ರೈಲ್ವೆಯ ಆ ಬಾಗಿಲು ತೆರೆಯಲ್ಲ. ನಮ್ಮ ಚಾಮರಾಜನಗರ ಕಡೆ ಹುಡುಗರು ದಿನಾ ನಂಜನಗೂಡಿನ ಕಾರ್ಖಾನೆಗಳಿಗೆ ಹೋಗ್ತಾರೆ. ಮೆಷಿನ್ ಮುಂದೆ ನಿಲ್ಲೋರು ಯಾರು, ಗೇಟಲ್ಲಿ ನಿಲ್ಲೋರು ಯಾರು, ಒಮ್ಮೆ ಲೆಕ್ಕ ಹಾಕಿ.

1942ರಲ್ಲಿ ಬಾಬಾಸಾಹೇಬರು ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲಿ ನಮ್ಮ ಮಕ್ಕಳಿಗೆ ತಾಂತ್ರಿಕ ತರಬೇತಿ ಕೇಳಿದ್ರು. ಎಲ್ಲಿ? ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ. ಎಂಬತ್ತು ವರ್ಷ ಆದ್ಮೇಲೆ ನಮಗೆ ಸಿಕ್ಕಿರೋದು ಮಾಪು, ಬಕೆಟ್ಟು.

ಹಣ ಇಲ್ಲ ಅನ್ನೋ ಹಾಗಿಲ್ಲ. ನಮ್ಮ ರಾಜ್ಯದಲ್ಲಿ 2013ರಿಂದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಜನಸಂಖ್ಯೆಗೆ ತಕ್ಕಂತೆ 24.1 ಪರ್ಸೆಂಟ್ ತೆಗೆದಿಡಬೇಕು. ಆ ದುಡ್ಡು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೂ ಹೋಗಿದೆ. ಅದರಲ್ಲಿ ನಮ್ಮ ಐಟಿಐ ಮಕ್ಕಳಿಗೆ ಹಾಸ್ಟೆಲ್ಲು, ಬಸ್ಸು, ತಿಂಗಳ ಖರ್ಚು ಕೊಡಿ ಅನ್ನೋದು ಭಿಕ್ಷೆ ಅಲ್ಲ.

ಗುಮಾಸ್ತನಾಗಿ ಒಂದು ಮಾತು: ಭಾಷಣಕ್ಕೆ ಹೆದರದ ಕಚೇರಿ ಕಾಗದಕ್ಕೆ ಹೆದರುತ್ತೆ. ಪ್ರತಿ ತಾಲೂಕಿನಿಂದ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕೋಣ. ಯಾವ ಕೋರ್ಸಿಗೆ ಯಾವ ವರ್ಗದ ಎಷ್ಟು ಮಕ್ಕಳನ್ನ ಸೇರಿಸಿದ್ರಿ? ಆರು ತಿಂಗಳಾದ್ಮೇಲೆ ಎಷ್ಟು ಜನ ಕೆಲಸದಲ್ಲಿದ್ದಾರೆ? ಎರಡೇ ಪ್ರಶ್ನೆ. ಅರ್ಜಿ ನಮೂನೆ ಬೇಕಾದವರು ಕಾಮೆಂಟ್ ಮಾಡಿ, ನಾನೇ ಬರೆದು ಕಳಿಸ್ತೀನಿ.

ಹುಡುಗನ ಫಾರ್ಮ್ ಪಕ್ಕಕ್ಕಿಟ್ಟು ಐಟಿಐ ಅರ್ಜಿ ತುಂಬಿದೆ. ರಾತ್ರಿ ಅವನ ತಾಯಿ ಬಂದು, ‘ಎರಡು ವರ್ಷ ಇವನ ದುಡಿಮೆ ಇಲ್ದೆ ಮನೆ ನಡಿಯೋದೆಂಗಣ್ಣ?’ ಅಂದಳು.

ನನಗೆ ಉತ್ತರ ಹೇಳಕ್ಕಾಗಲಿಲ್ಲ. ಉತ್ತರ ಕೊಡಬೇಕಾದವರು ನಮ್ಮ ಹೆಸರಲ್ಲಿ ದುಡ್ಡು ಇಟ್ಕೊಂಡು ಕೂತಿದ್ದಾರೆ.

ಜೈಭೀಮ್.