ಸೆರೆಮನೆಯ ಬಾಗಿಲವರೆಗಿನ ನೆರವು

ಧರ್ಮಪ್ರಚಾರಕ್ಕೆಂದು ಪರದೇಶಕ್ಕೆ ಹೋದ ಮಿಷನರಿಯೊಬ್ಬ ಅಲ್ಲಿ ಸೆರೆಗೆ ಬಿದ್ದಾಗ ಅವನನ್ನು ಕಳುಹಿಸಿದ ಸಭೆ, ಎಂದರೆ ಒಟ್ಟಾಗಿ ಆರಾಧಿಸುವ ಕ್ರೈಸ್ತ ವಿಶ್ವಾಸಿಗಳ ಸಮುದಾಯ, ಏನು ಮಾಡಬೇಕು ಎಂಬ ಪ್ರಶ್ನೆಗೆ ಪ್ರಾರ್ಥನೆ ಮತ್ತು ಹಣ ಎಂಬ ಎರಡು ಉತ್ತರಗಳು ತಟ್ಟನೆ ಬರುತ್ತವೆ. ಎರಡೂ ತಪ್ಪಲ್ಲ. ಆದರೆ ನೆರವು ಯಾವ ಹಾದಿಯಲ್ಲಿ, ಯಾರ ಕೈಯಿಂದ ತಲುಪುತ್ತದೆ ಎಂಬುದನ್ನು ವಿಚಾರಿಸದ ಸಹಾನುಭೂತಿ ಕೆಲವೊಮ್ಮೆ ಕೈದಿಯ ಮೇಲಿನ ಆರೋಪಕ್ಕೆ ಸಾಕ್ಷಿಯೇ ಆಗಿಬಿಡುವುದುಂಟು.

ರೋಮನ್ ಸೆರೆಮನೆಗಳಲ್ಲಿ ಕೈದಿಯ ಊಟ, ಬಟ್ಟೆಗಳ ಹೊಣೆ ಬಹುಮಟ್ಟಿಗೆ ಹೊರಗಿನ ಬಂಧುಮಿತ್ರರದೇ ಆಗಿತ್ತು. ಆದುದರಿಂದ ಕ್ರೈಸ್ತ ಧರ್ಮದ ಮೊದಲ ತಲೆಮಾರಿನ ಪ್ರಚಾರಕ ಪೌಲನು ಬಂಧನದಲ್ಲಿದ್ದಾಗ ಫಿಲಿಪ್ಪಿಯ ಸಭೆ ಕಾಣಿಕೆ ಕಳುಹಿಸಿ ಸುಮ್ಮನಾಗದೆ, ಅದನ್ನು ಒಯ್ದು ಜೊತೆಗಿದ್ದು ಸೇವೆ ಮಾಡಲೆಂದು ಎಪಫ್ರೊದೀತನೆಂಬವನನ್ನು ಅಟ್ಟಿತು, ಅವನು ಆ ಕೆಲಸದಲ್ಲಿ ಕಾಯಿಲೆಬಿದ್ದು ಸಾವಿನ ಅಂಚಿಗೂ ಹೋಗಿಬಂದನು. ಎರಡನೆಯ ಶತಮಾನದ ವಿಡಂಬನಕಾರ ಲೂಸಿಯನ್, ಕ್ರೈಸ್ತರನ್ನು ಗೇಲಿಮಾಡುವ ಭರದಲ್ಲಿಯೇ, ವಿಧವೆಯರೂ ಅನಾಥ ಮಕ್ಕಳೂ ಬೆಳಗಾಗುತ್ತಲೇ ಸೆರೆಮನೆಯ ಬಳಿ ಕಾದಿರುತ್ತಿದ್ದುದನ್ನೂ ಸಭೆಯ ಮುಖ್ಯಸ್ಥರು ಕಾವಲುಗಾರರಿಗೆ ಲಂಚಕೊಟ್ಟು ಕೈದಿಯೊಡನೆ ಒಳಗೇ ಮಲಗುತ್ತಿದ್ದುದನ್ನೂ ಬಣ್ಣಿಸಿದ್ದಾನೆ. ವಿಡಂಬನೆಯಲ್ಲಿ ಅತಿಶಯ ಇದ್ದೇ ಇರುತ್ತದೆ. ಆದರೂ ಹೊಗಳುವ ಉದ್ದೇಶವೇ ಇಲ್ಲದವನ ಮಾತಾದ್ದರಿಂದ ಅದಕ್ಕೆ ಬೆಲೆ ಹೆಚ್ಚು.

ಬರ್ಮಾದಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಅಡೋನಿರಾಮ್ ಜಡ್ಸನ್ನರಿಗೆ ಒದಗಿದ ಸ್ಥಿತಿಯಲ್ಲಿ ಈ ಪ್ರಶ್ನೆಯ ಎಲ್ಲ ಮುಖಗಳೂ ಕಾಣುತ್ತವೆ. 1824ರಲ್ಲಿ ಆಂಗ್ಲ-ಬರ್ಮಾ ಯುದ್ಧ ಆರಂಭವಾದಾಗ ರಾಜಧಾನಿ ಆವಾದಲ್ಲಿದ್ದ ಅವರನ್ನು ಜೂನ್ 8ರಂದು ಬಂಧಿಸಲಾಯಿತು. ಕಾರಣ ಅವರ ಬೋಧನೆಯಲ್ಲ. ಅಮೆರಿಕದಿಂದ ಬರುತ್ತಿದ್ದ ನೆರವಿನ ಹಣ ಬಂಗಾಳದ ಮಾರ್ಗವಾಗಿ, ಗೌಜರ್ ಎಂಬ ಇಂಗ್ಲಿಷ್ ವ್ಯಾಪಾರಿಯ ಮೂಲಕ ಅವರ ಕೈಸೇರುತ್ತಿತ್ತು. ಆ ವ್ಯಾಪಾರಿಯ ಲೆಕ್ಕಪತ್ರಗಳಲ್ಲಿ ಜಡ್ಸನ್ನರ ಹೆಸರು ಕಂಡ ಅಧಿಕಾರಿಗಳು ಅವರನ್ನು ಇಂಗ್ಲಿಷರ ಸಂಬಳದ ಗೂಢಚಾರರೆಂದು ತೀರ್ಮಾನಿಸಿದರು. ದೂರದ ವಿಶ್ವಾಸಿಗಳು ಭಕ್ತಿಯಿಂದ ಕೊಟ್ಟ ಕಾಸೇ ಕಾಲಿನ ಬೇಡಿಯಾಯಿತು.

ಆವಾದ ಸೆರೆಮನೆಯಲ್ಲಿ ರಾತ್ರಿ ಕೈದಿಗಳ ಬೇಡಿತೊಟ್ಟ ಕಾಲುಗಳ ನಡುವೆ ಉದ್ದನೆಯ ಬಿದಿರುಗಳುವನ್ನು ತೂರಿಸಿ, ಭುಜಗಳಷ್ಟೇ ನೆಲಕ್ಕೆ ತಾಗುವಂತೆ ಮೇಲಕ್ಕೆತ್ತುತ್ತಿದ್ದರು. ಜಡ್ಸನ್ನರನ್ನು ಬದುಕಿಸಿದ್ದು ಪತ್ನಿ ಆನ್ ಜಡ್ಸನ್ ಹೊರಗಿನಿಂದ ತಲುಪಿಸುತ್ತಿದ್ದ ಅನ್ನ ಮತ್ತು ಅಧಿಕಾರಿಗಳ ಮನೆಬಾಗಿಲುಗಳಲ್ಲಿ ಆಕೆ ಮಾಡಿದ ಅಹವಾಲು. ಆಕೆ ಜಡ್ಸನ್ನರ ಬರ್ಮೀ ಹೊಸ ಒಡಂಬಡಿಕೆಯ ಹಸ್ತಪ್ರತಿಯನ್ನು ಒಳಗಿಟ್ಟು ಹೊಲಿದ ದಿಂಬು ಎಷ್ಟು ಗಟ್ಟಿಯಾಗಿತ್ತೆಂದರೆ ಯಾವ ಕಾವಲುಗಾರನೂ ಅದಕ್ಕೆ ಆಸೆಪಡುವಂತಿರಲಿಲ್ಲ. ಕೈದಿಗಳನ್ನು ಬೇರೆಡೆಗೆ ಸಾಗಿಸಿದಾಗ ಬಿಸಾಡಿದ ಆ ಗಂಟನ್ನು ಮೌಂಗ್ ಇಂಗ್ ಎಂಬ ಬರ್ಮೀ ವಿಶ್ವಾಸಿ, ಒಳಗೇನಿದೆಯೆಂದು ತಿಳಿಯದೆಯೇ, ಗುರುಗಳ ನೆನಪಿಗೆಂದು ಮನೆಗೆ ಒಯ್ದನು. ಹಸ್ತಪ್ರತಿ ಉಳಿದದ್ದು ಹಾಗೆ. ಆನ್ ಹಾಸಿಗೆ ಹಿಡಿದಾಗ ಕೈದಿಗೆ ಊಟ ಹೊತ್ತವನು ಅವರ ಬಂಗಾಳಿ ಅಡುಗೆಯವನು, ಸಂಬಳವನ್ನೂ ಜಾತಿಕಟ್ಟನ್ನೂ ಲೆಕ್ಕಿಸದ ಕ್ರೈಸ್ತೇತರ. ಸಭೆಗಳ ವರದಿಗಳಲ್ಲಿ ಇಂಥವರ ಹೆಸರು ಸಾಮಾನ್ಯವಾಗಿ ಸಿಗುವುದಿಲ್ಲ.

ಆದುದರಿಂದ ನೆರವಿನ ಮೊದಲ ಪಾಲು ಹತ್ತಿರದಲ್ಲಿರುವವರಿಗೆ ಸಲ್ಲಬೇಕು ಎಂಬ ವಾದಕ್ಕೆ ಬಲವಿದೆ. ಮಿಷನರಿಗೆ ಮರಳಲು ಸ್ವದೇಶವಿದೆ, ಅವನ ಪರ ಮಾತನಾಡಲು ಒಂದು ಸರ್ಕಾರವಿರಬಹುದು. ಅವನಿಗೆ ಅನ್ನ ಕೊಟ್ಟ ಸ್ಥಳೀಯ ವಿಶ್ವಾಸಿ ಮಾತ್ರ ಅದೇ ಊರಿನಲ್ಲಿ, ಅದೇ ಅಧಿಕಾರಿಯ ಕೆಳಗೆ ಬಾಳಬೇಕು. ಸುದ್ದಿಯನ್ನು ಜಗತ್ತಿಗೆಲ್ಲ ಸಾರುವ ವಿಷಯದಲ್ಲಿಯೂ ಅವನ ಮತ್ತು ಕೈದಿಯ ಕುಟುಂಬದ ಒಪ್ಪಿಗೆಯೇ ನಿರ್ಣಾಯಕವಾಗಬೇಕು, ಏಕೆಂದರೆ ಹೆಸರು ಕೆಡುವುದಕ್ಕೆ ಅಂಜುವ ಸರ್ಕಾರ ಪ್ರಚಾರಕ್ಕೆ ಮಣಿಯಬಹುದಾದರೂ, ಹಟಕ್ಕೆ ಬಿದ್ದ ಸರ್ಕಾರ ಸೇಡನ್ನು ಕೈಗೆ ಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತದೆ. ಅಲ್ಲದೆ ಎಲ್ಲ ಸಂಕಟವನ್ನೂ ಧರ್ಮಹಿಂಸೆ, ಎಂದರೆ ನಂಬಿಕೆಯ ಕಾರಣಕ್ಕಾಗಿಯೇ ಕೊಡುವ ಕಿರುಕುಳ, ಎಂದು ಕರೆಯುವುದು ಪ್ರಾಮಾಣಿಕವಲ್ಲ: ಮೊದಲ ಮಹಾಯುದ್ಧದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟ ಬ್ರಿಟಿಷ್ ಸರ್ಕಾರವೂ ಕ್ರೈಸ್ತರದೇ ಆಗಿತ್ತು.

ಬಿಡುಗಡೆಯೊಂದಿಗೆ ನೆರವಿನ ಅಗತ್ಯ ಮುಗಿಯುತ್ತದೆ ಎಂಬ ಎಣಿಕೆಯೂ ನಿಲ್ಲುವುದಿಲ್ಲ. ಜಡ್ಸನ್ನರು 1826ರ ಫೆಬ್ರುವರಿಯಲ್ಲಿ, ಯುದ್ಧವನ್ನು ಕೊನೆಗೊಳಿಸಿದ ಯಾಂಡಬೋ ಒಪ್ಪಂದದ ಮಾತುಕತೆಗೆ ದುಭಾಷಿ ಬೇಕಾಗಿದ್ದ ಸಂದರ್ಭದಲ್ಲಿ, ಸ್ವತಂತ್ರರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಗಂಡ ಆವಾಕ್ಕೆ ಮತ್ತೆ ದುಭಾಷಿಯಾಗಿ ಹೋಗಿದ್ದಾಗ, ಆನ್ ಅಮ್ಹರ್ಸ್ಟಿನಲ್ಲಿ ಜ್ವರದಿಂದ ತೀರಿಕೊಂಡರು. ಸೆರೆವಾಸದ ಕಾಲದಲ್ಲಿ ಹುಟ್ಟಿದ ಕೂಸು ಮರಿಯಾ ಆಮೇಲೆ ಆರು ತಿಂಗಳು ಬದುಕಿತು.