ಹೊಗೆಯಲ್ಲಿ ಬೆಂದ ಹಲಸು

ಕಳೆದ ಸಂಚಿಕೆಯಲ್ಲಿ ರನ್‌ಕಾರ್ನಿನ ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಕಷ್ಟಸುಖ ಬರೆದಿದ್ದೆ. ಗಿಡ ಚೆನ್ನಾಗಿದೆ, ವಿಚಾರಿಸಿದವರಿಗೆಲ್ಲ ವಂದನೆಗಳು. ಈ ಸಲದ ವಿಷಯ ಊಟ. ಅದೂ ಎಂಥ ಊಟ ಅಂತೀರಿ? ಪುಳಿಚಾರಿನ ಮನುಷ್ಯನೊಬ್ಬ ಅಮೆರಿಕನ್ ಬಾರ್ಬೆಕ್ಯೂ ಹೋಟೆಲಿಗೆ ಹೋಗಿ ಉಂಡು ಬಂದ ಕಥೆ.

ಸೆಪ್ಟೆಂಬರಿನ ಮೊದಲ ಭಾನುವಾರ ಈ ದೇಶದಲ್ಲಿ ಅಪ್ಪಂದಿರ ದಿನ. ಪ್ರತಿ ವರ್ಷ ನನಗೆ ಸಿಗುತ್ತಿದ್ದದ್ದು ಒಂದು ಜೊತೆ ಕಾಲುಚೀಲ. ಈ ಸಲ ಮಗನಿಗೆ ಮೊದಲ ಸಂಬಳ ಬಂದಿತ್ತು. "ಅಪ್ಪಾ, ಸಿಟಿಯಲ್ಲಿ ಲಂಚ್. ಎಲ್ಲಿ ಅಂತ ಮಾತ್ರ ಕೇಳಬೇಡ" ಎಂದ. ಮೂವರೂ ರನ್‌ಕಾರ್ನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. 2024ರ ಆಗಸ್ಟಿನಿಂದ ಕ್ವೀನ್ಸ್‌ಲ್ಯಾಂಡ್ ಸರ್ಕಾರ ರೈಲು, ಬಸ್ಸಿನ ಟಿಕೆಟ್ಟನ್ನು 50 ಸೆಂಟಿಗೆ ಇಳಿಸಿದೆಯಲ್ಲ, ಮೂರು ಜನಕ್ಕೆ ಒಂದೂವರೆ ಡಾಲರ್ ಆಯಿತು. ಊಟವೂ ಇದೇ ದರದಲ್ಲಿರಬಹುದೆಂದು ಯಾರೂ ಭಾವಿಸಬಾರದು.

ನಮ್ಮೂರಲ್ಲಿ ಹೋಟೆಲೆಂದರೆ ಇಡ್ಲಿ, ವಡೆ, ಕಾಫಿ. ಇಲ್ಲಿ ಹೋಟೆಲೆಂದರೆ ಮೇಲೆ ಮಲಗುವ ಕೋಣೆ, ಕೆಳಗೆ ಬಿಯರು. ಆ ಬಿಯರಿನ ಪಕ್ಕದಲ್ಲೇ ಇತ್ತು ಈ ಊಟದ ಮನೆ. ಬಾಗಿಲು ತೆರೆದೊಡನೆ ಮೂಗಿಗೆ ಬಡಿದದ್ದು ಸೌದೆಯ ಹೊಗೆ. ಒಂದು ಗಳಿಗೆ ನಾನು ತೀರ್ಥಹಳ್ಳಿಯ ನಮ್ಮ ಮನೆಯ ಬಚ್ಚಲೊಲೆಯ ಮುಂದೆ ನಿಂತಿದ್ದೆ. ಗೋಡೆಯ ಮೇಲಿನ ಹಂದಿಯ ಚಿತ್ರ ನೋಡಿದ ಮೇಲೆ ಬ್ರಿಸ್ಬೇನಿಗೆ ವಾಪಸು ಬಂದೆ.

"ಏನೋ ಇದು?" ಎಂದಳು ನಮ್ಮವಳು. "ಅಮ್ಮಾ, ಹಲಸು ಇದೆ!" ಎಂದು ಅವನು ಮೆನು ಮುಂದೆ ಹಿಡಿದ. ನಿಜ. ಎಳೆ ಹಲಸಿನಕಾಯಿಯನ್ನು ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಸಾಸಿನಲ್ಲಿ ಕಲಸಿ ಬನ್ನಿನೊಳಗಿಟ್ಟದ್ದು. ಹಂದಿಮಾಂಸವನ್ನು ಬೇಯಿಸಿ ಹಾಗೆಯೇ ಬಿಡಿಸುತ್ತಾರಂತೆ, ಇದು ಅದರ ಸಸ್ಯಾಹಾರಿ ತಮ್ಮ. ಬೆಲೆ 28 ಡಾಲರ್. ನಮ್ಮೂರಲ್ಲಿ ಜೂನ್ ಬಂತೆಂದರೆ ತಿಂದು ಮುಗಿಯದ ಹಲಸು ದನಗಳ ಪಾಲು. ಆ ದನಗಳು ಎಷ್ಟು ಸಾವಿರ ಡಾಲರ್ ಮೇದವೋ ಎಂದು ಲೆಕ್ಕ ಹಾಕುತ್ತ ಕುಳಿತೆ.

ಬಡಿಸುವ ಹುಡುಗಿ ಬಂದಳು. ನನ್ನ ಹಳೆಯ ಪ್ರಶ್ನಾವಳಿ ಶುರುವಾಯಿತು. ಬೀನ್ಸಿನಲ್ಲಿ ಹಂದಿಯ ಚೂರು ಉಂಟು, ಬೇಡ. ಕೋಸಿನ ಪಚಡಿ, ಜೋಳದ ಹಿಟ್ಟಿನ ಬ್ರೆಡ್ಡು, ಬೆಣ್ಣೆ ಸವರಿದ ಮುಸುಕಿನ ಜೋಳ ಆಗಬಹುದು. ಹಲಸು? ಅವಳು ಸ್ವಲ್ಪ ತಡೆದು ಹೇಳಿದಳು: "ಅದರಲ್ಲಿ ಮಾಂಸವಿಲ್ಲ. ಆದರೆ ಹೊಗೆ ಹಾಕುವುದು ಅದೇ ಗೂಡಿನಲ್ಲಿ, ಮೇಲಿನ ತಟ್ಟೆಯಲ್ಲಿ. ನಿಮಗೆ ಗೊತ್ತಿರಲಿ ಅಂತ ಹೇಳಿದೆ."

ಹೊಗೆಗೂ ಮಡಿ ಮೈಲಿಗೆ ಉಂಟೆ? ಯಾವ ಪಂಚಾಂಗದಲ್ಲೂ ನಾನು ನೋಡಿಲ್ಲ. ನಮ್ಮವಳು ಜೋಳಕ್ಕೆ ನಿಂತಳು. ನಾನು ಹಲಸಿಗೆ ಹೂಂ ಅಂದೆ.

ಅಮೆರಿಕದವರ ಈ ವಿದ್ಯೆ ನಮ್ಮ ಪಾರ್ಕಿನ ಬಾರ್ಬಿಯಂಥದ್ದಲ್ಲ. ಸೌತ್ ಬ್ಯಾಂಕಿನಲ್ಲಿ ಗುಂಡಿ ಒತ್ತಿದರೆ ತಟ್ಟೆ ಕಾಯುತ್ತದೆ, ಹತ್ತು ನಿಮಿಷಕ್ಕೆ ಸಾಸೇಜು ಸಿದ್ಧ. ಅಲ್ಲಿ ಹಾಗಲ್ಲ. ಟೆಕ್ಸಾಸಿನವರು ದನದ ಎದೆಭಾಗದ ಗಟ್ಟಿ ಮಾಂಸವನ್ನು ಓಕ್ ಸೌದೆಯ ಹೊಗೆಯಲ್ಲಿ, ಸುಮಾರು 110 ಡಿಗ್ರಿ ಶಾಖದಲ್ಲಿ, ಹನ್ನೆರಡು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಇಡುತ್ತಾರೆ. ಅಷ್ಟು ಹೊತ್ತಿಗೆ ಅದರ ಗಟ್ಟಿ ನಾರೆಲ್ಲ ಕರಗಿ ಮೆತ್ತಗಾಗುತ್ತದೆ. ಅವಸರ ಮಾಡಿದರೆ ಚರ್ಮದ ಚಪ್ಪಲಿ. ಇಷ್ಟೆಲ್ಲ ನನಗೆ ಹೇಗೆ ಗೊತ್ತು? ಮಗ ಹೇಳಿದ. ತುಂಬ ವಿವರವಾಗಿ ಹೇಳಿದ. ಕೇಳುತ್ತ ಕೇಳುತ್ತ ನನಗೆ ಅನುಮಾನ ಬಂತು.

ಅವನು ಮಾತು ನಿಲ್ಲಿಸಿದ. "ಅಪ್ಪಾ, ಅವಳೇ ಅಷ್ಟು ನೇರವಾಗಿ ಹೇಳಿದಳು. ನಾನೂ ನಿಂಗೊಂದು ಹೇಳಬೇಕು. ನಾನು ಚಿಕನ್ ತಿಂತೀನಿ. ಯೂನಿವರ್ಸಿಟಿ ಸೇರಿದಾಗಿಂದ."

ನಾನು ಸುಮ್ಮನಿದ್ದೆ. ನಮ್ಮವಳು ಜೋಳದ ಕಾಳು ಎಣಿಸುತ್ತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು.

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನೀನು ಮ್ಯಾಗಜೀನಿನಲ್ಲಿ ಬರೆದಿದ್ದೆಯಲ್ಲ, ಅಮ್ಮ ಓದಿ ಹೇಳಿದಳು. ಆಮೇಲೆ ಹೇಳೋದು ಇನ್ನೂ ಕಷ್ಟ ಆಯ್ತು."

ಹೌದು. ನಾಲ್ಕು ವರ್ಷದ ಹಿಂದೆ ಇದೇ ಪುಟದಲ್ಲಿ ಬರೆದಿದ್ದೆ: ನನ್ನ ಮಗ ಈ ದೇಶದಲ್ಲಿ ಹುಟ್ಟಿದರೂ ಮಾಂಸ ಮುಟ್ಟಿದವನಲ್ಲ, ಎಲ್ಲ ಸಂಸ್ಕಾರದ ಫಲ ಎಂದು. ಸಂಘದ ಕಾರ್ಯಕ್ರಮದಲ್ಲಿ ನೀವು ಹಲವರು ಅವನ ಬೆನ್ನು ತಟ್ಟಿದ್ದಿರಿ. ಅವನು ತಲೆ ತಗ್ಗಿಸಿ ನಕ್ಕದ್ದನ್ನು ನಾನು ವಿನಯವೆಂದು ತಿಳಿದಿದ್ದೆ.

ಆಗ ನನಗೆ ದಾವಣಗೆರೆ ನೆನಪಾಯಿತು. ಇಂಜಿನಿಯರಿಂಗ್ ಓದುವಾಗ, ಪರೀಕ್ಷೆಯ ರಾತ್ರಿಗಳಲ್ಲಿ, ತಳ್ಳುಗಾಡಿಯ ಬಿಸಿ ಆಮ್ಲೆಟ್ಟು. ರಜೆಗೆ ಊರಿಗೆ ಹೋದಾಗ ಅಮ್ಮ ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೇಳೆ ಸುಟ್ಟು ಕೊಡುತ್ತ, "ಹಾಸ್ಟೆಲಿನಲ್ಲಿ ಊಟ ಸರಿಯಾಗಿ ಮಾಡ್ತೀಯೇನೋ?" ಎಂದು ಕೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಹೂಂ ಹಾಗೇ ಉಳಿದಿದೆ. ಹೇಳಿದ್ದರೆ ಬೈಯುತ್ತಿದ್ದಳು, ಒಂದು ಹೊತ್ತು ಮಾತು ಬಿಡುತ್ತಿದ್ದಳು, ರಾತ್ರಿ ಮತ್ತೆ ಊಟಕ್ಕೆ ಕರೆಯುತ್ತಿದ್ದಳು. ಅಷ್ಟಕ್ಕೆ ಹೆದರಿದ್ದೆ.

ನಾನು ಇದನ್ನೆಲ್ಲ ಮಗನಿಗೆ ಹೇಳಿದೆ. ನಮ್ಮವಳು, "ಆಮ್ಲೆಟ್ಟಿನ ಸಮಾಚಾರ ನಂಗೂ ಹೇಳಿರಲಿಲ್ಲವಲ್ಲ!" ಎಂದು ಬಾಯಿ ಬಿಟ್ಟಳು. ಅವಳ ಮಾತಿಗೆ ಮೂವರಿಗೂ ನಗು ಬಂತು. ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆಗಿದೆ, ಇನ್ನೂ ಸ್ವಲ್ಪ ಇದೆ. ಆದರೆ ಅವನು ತಿಂದದ್ದಕ್ಕಿಂತ, ಇಷ್ಟು ವರ್ಷ ನನ್ನೆದುರು ಹೆದರಿ ಕುಳಿತು ಉಂಡದ್ದೇ ಹೆಚ್ಚು ಚುಚ್ಚಿತು. ಅವನು ಅವತ್ತು ಚಿಕನ್ ತರಿಸಿದ. ನಾನು ಆ ಕಡೆ ನೋಡದೆ ಹಲಸು ತಿಂದೆ. ಹಲಸು, ಸುಳ್ಳೇಕೆ, ಚೆನ್ನಾಗಿತ್ತು. ಕೊಂಚ ಸಿಹಿ ಜಾಸ್ತಿ.

ಮರುವಾರ ಸನ್ನಿಬ್ಯಾಂಕಿನ ಏಷ್ಯನ್ ಅಂಗಡಿಯಿಂದ ಉಪ್ಪುನೀರಿನ ಎಳೆ ಹಲಸಿನ ಡಬ್ಬಿ ತಂದು ನಮ್ಮವಳು ಪಲ್ಯ ಮಾಡಿದಳು. ಮಗ ಹಿತ್ತಲ ಬಾರ್ಬಿಯಲ್ಲಿ ಬದನೆಕಾಯಿ ಸುಟ್ಟ. ಒಳಗೆ ಸುಟ್ಟರೆ ಹೊಗೆಯ ಅಲಾರಾಂ ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತದೆ.

ಇದನ್ನು ಬರೆಯಲು ಮಗನ ಅಪ್ಪಣೆ ಪಡೆದಿದ್ದೇನೆ. ನಾಲ್ಕು ವರ್ಷದ ಹಿಂದಿನ ಆ ಸಾಲನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಈ ಸಲದ ಹಬ್ಬದೂಟಕ್ಕೆ ಅವನು ಬಂದಾಗ ಬೆನ್ನು ತಟ್ಟಿ, ಪರವಾಗಿಲ್ಲ. ಕಾರಣ ಮಾತ್ರ ಬೇರೆ ಇರಲಿ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.